ಮೀನು ತಂದೆ, ಹಳ್ಳ ತಂದ್ಯಾ?



ನನಗಾಗ ಒಂಬತ್ತು ವರ್ಷ. ಮಲೆನಾಡಿನ ನಮ್ಮೂರಲ್ಲಿ ಗದ್ದೆಯಂಚಿಗೆ ಒಂದು ಹಳ್ಳ. ಮಳೆಗಾಲ ಮುಗಿದು ನೀರು ತಿಳಿಯಾಗಿತ್ತು. ನಾನೂ ನನ್ನ ತಮ್ಮನೂ ಬೈರಾಸಿನ ಎರಡು ತುದಿ ಹಿಡಿದು ಏಳೆಂಟು ಪುಟ್ಟ ಮೀನು ಹಿಡಿದೆವು. ಮನೆಗೆ ತಂದು, ಬಾವಿಯ ನೀರು ತುಂಬಿದ ತಾಮ್ರದ ಕೊಡಕ್ಕೆ ಬಿಟ್ಟೆವು. ಬೆಕ್ಕಿಗೆ ಹೆದರಿ ಮೇಲೊಂದು ತಟ್ಟೆ ಮುಚ್ಚಿದೆವು. ಬೆಳಿಗ್ಗೆ ತಟ್ಟೆ ತೆಗೆದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾನು ಅಳುತ್ತ ಕೂತೆ. ದೊಡ್ಡಪ್ಪ ಬಂದರು. ಕೊಡದೊಳಗೆ ಬಗ್ಗಿ ನೋಡಿದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ಮೀನೇನೋ ತಂದೆ ಮಾರಾಯ, ಹಳ್ಳ ತಂದ್ಯಾ?"

ತಾಮ್ರ ಮೀನಿಗೆ ವಿಷ ಎಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಕೊಡದ ಕಿರುಬಾಯಿಗೆ ತಟ್ಟೆ ಮುಚ್ಚಿದರೆ ನೀರಿಗೆ ಗಾಳಿ ಸೇರುವುದಿಲ್ಲ ಎಂದು ತಿಳಿದದ್ದೂ ಆಗಲೇ. ಆಮೇಲೆ ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪಾಠ ಹೇಳಿದೆ. ಆದರೆ ಮೀನು ಸಾಕುವ ವಿದ್ಯೆಯೆಲ್ಲ ದೊಡ್ಡಪ್ಪನ ಆ ಒಂದು ಪ್ರಶ್ನೆಯಲ್ಲೇ ಇದೆ ಎಂದು ಅರ್ಥವಾಗಲು ನಾನು ಅಮೆರಿಕಕ್ಕೆ ಹೋಗಬೇಕಾಯಿತು. ಇವತ್ತು ಆ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದುಕೊಂಡು, ಅಲ್ಲಿನ ಕೆಲವು ಅಪರೂಪದ ಸಿಹಿನೀರ ಮೀನುಗಳ ಸಂಗತಿ ಹೇಳುತ್ತೇನೆ. ಸನ್‌ಫಿಷ್ ಮತ್ತು ಬಾಸ್ ಎಂದು ಅವುಗಳ ಹೆಸರು.

ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ನ್ಯೂಜೆರ್ಸಿಗೆ ಹೋಗಿದ್ದೆವು. ಫೆಬ್ರವರಿಯಲ್ಲಿ ಹೋಗಿ ಜುಲೈಯಲ್ಲಿ ಬಂದದ್ದು. ಅಲ್ಲಿ ಕನ್ನಡದ ಮನೆಗಳಿಗೇನೂ ಕೊರತೆಯಿಲ್ಲ. ಆದರೂ ಹಗಲು ಹೊತ್ತು ಎಲ್ಲರೂ ಕೆಲಸಕ್ಕೆ ಹೋದರೆ ಬೀದಿ ಬಿಕೋ ಎನ್ನುತ್ತದೆ. ಪಕ್ಕದ ಮನೆಯಲ್ಲಿ ಒಬ್ಬ ಮುದುಕರಿದ್ದರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ನಾನೂ ಮುದುಕ. ಮಾತು ಬೇಗ ಕೂಡಿತು. ಒಂದು ದಿನ ಅವರು ತಮ್ಮ ಕಾರು ಷೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಕಾರಿರಲಿಲ್ಲ. ನಾಲ್ಕು ಗಾಜಿನ ತೊಟ್ಟಿಗಳಿದ್ದವು.

ತೊಟ್ಟಿಯ ನೀರು ಹಾಲು ಹಾಕದ ಚಹಾದ ಬಣ್ಣಕ್ಕಿತ್ತು. ತಳದಲ್ಲಿ ಒಣಗಿದ ಎಲೆ. ಎಲೆಗಳ ಮೇಲೆ ಆರೇಳು ಪುಟ್ಟ ಮೀನು ಅಲ್ಲಾಡದೆ ನಿಂತಿದ್ದವು. "ಕಾಯಿಲೆಯೇ?" ಎಂದೆ. "ಇಲ್ಲ, ಅವಕ್ಕೀಗ ಚಳಿಗಾಲ," ಎಂದರು. ಆ ಉತ್ತರಕ್ಕೆ ಸ್ವಲ್ಪ ಹೊತ್ತಿನಲ್ಲಿ ವಾಪಸು ಬರುತ್ತೇನೆ. ಮೊದಲು ಈ ಮೀನು ಯಾವ ಮನೆತನದ್ದು, ನೋಡೋಣ.

ಸನ್‌ಫಿಷ್ ಎಂದರೆ ಸೂರ್ಯಮೀನು. ಕಡಲಿನಲ್ಲೂ ಇದೇ ಹೆಸರಿನ ದೈತ್ಯ ಮೀನೊಂದಿದೆ. ಅದಕ್ಕೂ ಇದಕ್ಕೂ ನಂಟಿಲ್ಲ. ಹೋಟೆಲಿನ ಪಟ್ಟಿಯಲ್ಲಿ ಬರುವ ಸೀ ಬಾಸ್‌ಗೂ ಈ ಬಾಸ್‌ಗೂ ನಂಟಿಲ್ಲ. ನಾನು ಹೇಳುತ್ತಿರುವುದು ಉತ್ತರ ಅಮೆರಿಕದ ಹೊಳೆ, ಕೆರೆ, ಜೌಗುಗಳಲ್ಲಿ ಹುಟ್ಟಿ ಬೆಳೆದ ಒಂದೇ ಮನೆತನ. ಸುಮಾರು ನಲವತ್ತು ಜಾತಿ ಇವೆ. ಆ ಖಂಡ ಬಿಟ್ಟರೆ ಬೇರೆಲ್ಲೂ ಇವು ತಾವಾಗಿ ಇದ್ದದ್ದಲ್ಲ. ಅಲ್ಲೂ ಹೆಚ್ಚುಕಡಿಮೆ ಎಲ್ಲವೂ ರಾಕಿ ಪರ್ವತಗಳ ಪೂರ್ವದವು. ಪಶ್ಚಿಮಕ್ಕೆ ಸೇರಿದ್ದು ಒಂದೇ ಒಂದು, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಪರ್ಚ್.

ಮನೆತನ ಒಂದಾದರೂ ಮೈಕಟ್ಟು ಎರಡು ಬಗೆ. ಬಾಸ್ ಉದ್ದ ಮೀನು, ದೊಡ್ಡ ಬಾಯಿ, ಬೇಟೆಗಾರ. ಲಾರ್ಜ್‌ಮೌತ್ ಬಾಸ್ ಎಂಬುದು ಹತ್ತು ಕಿಲೋ ತೂಗಿದ ದಾಖಲೆಯಿದೆ. ಸನ್‌ಫಿಷ್ ಹಾಗಲ್ಲ. ಎರಡು ಅಂಗೈ ಸೇರಿಸಿ ಒತ್ತಿದ ಹಾಗೆ ಪಕ್ಕದಿಂದ ಚಪ್ಪಟೆ, ಬದಿಯಿಂದ ನೋಡಿದರೆ ದುಂಡು. ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಮುಳ್ಳು. ಕಿವಿರಿನ ಮುಚ್ಚಳದ ಅಂಚಿಗೆ ಕಿವಿಯ ಹಾಗೆ ಒಂದು ಕಪ್ಪು ಪಟ್ಟಿ. ಕೆಲವು ಜಾತಿಯಲ್ಲಿ ಈ ಕಿವಿ ಎಷ್ಟು ಉದ್ದವೆಂದರೆ, ಉದ್ದಕಿವಿ ಎಂದೇ ಆ ಮೀನಿನ ಹೆಸರು.

ಷೆಡ್ಡಿನ ತೊಟ್ಟಿಯಲ್ಲಿದ್ದದ್ದು ಈ ಮನೆತನದ ಚಿಕ್ಕವರಲ್ಲಿ ಒಂದು. ಕಪ್ಪುಪಟ್ಟೆಯ ಸನ್‌ಫಿಷ್. ಅದರ ಚಿತ್ರ ನಿಮ್ಮ ಕಣ್ಣಿಗೆ ಕಟ್ಟಬೇಕಲ್ಲ, ಹೀಗೆ ಊಹಿಸಿಕೊಳ್ಳಿ. ಉದ್ದ ಒಂದು ಬೆರಳಿನಷ್ಟು. ಮೈ ಹಳೆಯ ಬೆಳ್ಳಿ ರೂಪಾಯಿಯ ಬಣ್ಣ. ಅದರ ಮೇಲೆ ಮೇಲಿನಿಂದ ಕೆಳಕ್ಕೆ ಐದಾರು ಕಪ್ಪು ಪಟ್ಟೆ. ಮೊದಲ ಪಟ್ಟೆ ಸರಿಯಾಗಿ ಕಣ್ಣಿನ ಮೇಲೆ ಹಾದು ಹೋಗುತ್ತದೆ. ಬೆನ್ನಿನ ರೆಕ್ಕೆಯ ಮುಂದಿನ ತುದಿಗೆ ಕುಂಕುಮದ ಹಾಗೆ ಒಂದಿಷ್ಟು ಕೆಂಪು. 1855ರಲ್ಲಿ ಸ್ಪೆನ್ಸರ್ ಬೇರ್ಡ್ ಎಂಬ ವಿಜ್ಞಾನಿ ಇದಕ್ಕೆ ಶಾಸ್ತ್ರದ ಹೆಸರಿಟ್ಟರು. ಹವಳದ ದಿಬ್ಬಗಳ ಚಿಟ್ಟೆಮೀನನ್ನು ನೆನಪಿಸುವ ಹೆಸರದು. ಜರ್ಮನಿಯ ಹವ್ಯಾಸಿಗಳು ನೂರು ವರ್ಷಕ್ಕೂ ಹಿಂದೆಯೇ ಇದನ್ನು ತರಿಸಿಕೊಂಡು ಸಾಕಿದರು. ಅಮೆರಿಕದವರಿಗೋ, ಇದು ಗಾಳಕ್ಕೂ ಸಾಲದ ಮೀನು. ಅಂಗಳದ ಮಲ್ಲಿಗೆ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಮೀನಿನ ಪರಿಚಯವಾಯಿತು. ಮನೆತನ ಒಂದು, ಮೈಕಟ್ಟು ಎರಡು. ನಾವು ನೋಡುತ್ತಿರುವುದು ಬೆರಳುದ್ದದ ಪಟ್ಟೆಯ ಮೀನು. ಇನ್ನು ದೊಡ್ಡಪ್ಪನ ಪ್ರಶ್ನೆ. ಇದರ ಹಳ್ಳ ಎಲ್ಲಿದೆ?

ಮಾರ್ಚ್ ಕೊನೆಯಲ್ಲಿ ಮುದುಕರು ಕರೆದುಕೊಂಡು ಹೋದರು. ನ್ಯೂಜೆರ್ಸಿಯ ದಕ್ಷಿಣಕ್ಕೆ ಪೈನ್ ಬ್ಯಾರನ್ಸ್ ಎಂಬ ಕಾಡುಸೀಮೆ. ಹೆಸರಿನ ಅರ್ಥ, ಪೈನ್ ಮರಗಳ ಬಂಜರು. ಹಳೆಯ ಕಾಲದ ರೈತರು ಬಿತ್ತಿದ್ದು ಬೆಳೆಯದಾಗ ಬೈದು ಇಟ್ಟ ಹೆಸರದು. ನೆಲವೆಲ್ಲ ಮರಳು. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯದಂಥ ಎರಡು ಮಹಾನಗರಗಳ ಮಗ್ಗುಲಲ್ಲೇ ಹತ್ತು ಲಕ್ಷ ಎಕರೆಗೂ ಮಿಕ್ಕಿದ ಕಾಡು. 1978ರಲ್ಲಿ ಕಾನೂನು ಮಾಡಿ ಅದನ್ನು ಕಾಪಿಟ್ಟರು.

ಅಲ್ಲಿನ ತೊರೆಗಳ ನೀರು ತಿಳಿ, ಆದರೆ ಕಂದು. ಸೀಡರ್ ಮರಗಳ ಜೌಗಿನಲ್ಲಿ ಬಿದ್ದ ಎಲೆ, ತೊಗಟೆಗಳು ವರ್ಷಗಟ್ಟಲೆ ನೆನೆದು ತಮ್ಮ ಒಗರನ್ನು ನೀರಿಗೆ ಬಿಡುತ್ತವೆ. ಚಹಾ ಸೊಪ್ಪು ಬಿಟ್ಟ ಹಾಗೆ. ಮಣ್ಣಿನ ಕಬ್ಬಿಣದ ಅಂಶವೂ ಸೇರುತ್ತದೆ. ಮರಳಿನಲ್ಲಿ ಸುಣ್ಣವಿಲ್ಲ, ಹಾಗಾಗಿ ಹುಳಿಯನ್ನು ಮುರಿಯುವವರಿಲ್ಲ. ನೀರಿನ ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹುಳಿಯೂ ಅಲ್ಲದ, ಸವಳೂ ಅಲ್ಲದ ನೀರಿಗೆ ಏಳು. ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಇಲ್ಲಿನ ತೊರೆಗಳಲ್ಲಿ ಅದು ನಾಲ್ಕು, ನಾಲ್ಕೂವರೆ. ಹೆಚ್ಚುಕಡಿಮೆ ಟೊಮೆಟೊ ರಸದ ಹುಳಿ.

ಈ ಹುಳಿಯಲ್ಲಿ ಬಹಳ ಮೀನು ಬದುಕಲಾರವು. ಲಾರ್ಜ್‌ಮೌತ್ ಬಾಸ್‌ಗೆ ಆಗದು. ನೀಲಿ ಕಿವಿರಿನ ಬ್ಲೂಗಿಲ್‌ಗೂ ಆಗದು. ಕಪ್ಪುಪಟ್ಟೆಗೆ ಮಾತ್ರ ಅದೇ ತವರು. ಅದರ ಇಬ್ಬರು ದಾಯಾದಿಗಳಿಗೂ ಅಷ್ಟೆ, ನೀಲಿಚುಕ್ಕೆಯ ಸನ್‌ಫಿಷ್, ಗೆರೆಯ ಸನ್‌ಫಿಷ್. ಮೂವರೂ ಚಿಕ್ಕವರು. ದೊಡ್ಡವರು ಕಾಲಿಡದ ನೀರಿನಲ್ಲಿ, ಜೊಂಡಿನ ಮರೆಯಲ್ಲಿ ಬಾಳುತ್ತಾರೆ. ಹುಳಿಯೇ ಅವರ ಕೋಟೆ.

ಈಗ ಆ ಕೋಟೆ ಬೀಳುವುದು ಹೇಗೆ ನೋಡಿ. ತೊರೆಯ ಮೇಲ್ಗಡೆ ಹೊಲ ಬಂತು, ಬಡಾವಣೆ ಬಂತು. ಹೊಲಕ್ಕೆ ಸುಣ್ಣ, ಗೊಬ್ಬರ. ಮನೆಗಳ ಕೊಳಚೆ. ಇವು ಇಳಿದು ಬಂದು ನೀರಿನ ಹುಳಿಯನ್ನು ಮುರಿಯುತ್ತವೆ. ನಮ್ಮ ಲೆಕ್ಕದಲ್ಲಿ ನೀರು ಸೌಮ್ಯವಾಯಿತು. ಆದರೆ ಅದರ ಹಿಂದೆಯೇ ಬ್ಲೂಗಿಲ್ ಬಂತು, ಬಾಸ್ ಬಂತು. ಚಿಕ್ಕವರ ಅಡ್ರೆಸ್ಸೇ ಇಲ್ಲವಾಯಿತು. ಅವರನ್ನು ಯಾರೂ ಬಲೆ ಹಾಕಿ ಹಿಡಿದದ್ದಲ್ಲ. ನೀರು ಬದಲಾಯಿತು, ಅಷ್ಟೆ. ಪೈನ್ ಬ್ಯಾರನ್ಸ್‌ನಲ್ಲಿ ಕಪ್ಪುಪಟ್ಟೆ ಇನ್ನೂ ಇದೆ. ಆದರೆ ಪಕ್ಕದ ಪೆನ್ಸಿಲ್ವೇನಿಯದಿಂದ ಮಾಯವಾಗಿದೆ. ವರ್ಜೀನಿಯ, ಜಾರ್ಜಿಯಗಳಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಚಿಕ್ಕ ಮೀನು, ಹುಳಿ ನೀರು, ಆ ಹುಳಿಯೇ ಕಾವಲು. ಈಗ ಈ ನೀರನ್ನು ಮನೆಗೆ ತರುವ ಬಗೆ.

ಮುದುಕರು ಮೀನು ತಂದದ್ದು ಆರೇ ಆರು. ತರುವ ಮುಂಚೆ ರಾಜ್ಯದ ನಿಯಮ ವಿಚಾರಿಸಿಕೊಂಡಿದ್ದರು. ಅಲ್ಲಿ ರಾಜ್ಯಕ್ಕೊಂದು ಕಾನೂನು. ಕೆಲವೆಡೆ ಸನ್‌ಫಿಷ್ ಮತ್ತು ಬಾಸ್‌ಗಳನ್ನು ಮನೆಯಲ್ಲಿ ಇಡುವುದಕ್ಕೂ ಮಾರುವುದಕ್ಕೂ ತಡೆಯಿದೆ, ಕೆಲವೆಡೆ ಪರವಾನಗಿ ಬೇಕು. ಹಿಡಿಯುವ ಮುಂಚೆ ತಿಂಗಳುಗಟ್ಟಲೆ ಅವರು ತೊಟ್ಟಿಯಲ್ಲಿ ಬರೀ ನೀರು ಇಟ್ಟು ಕೂತಿದ್ದರಂತೆ. ಮನೆಯವರು ನಗುತ್ತಿದ್ದರಂತೆ.

ತೊಟ್ಟಿ ದೊಡ್ಡದೇನಲ್ಲ. ಎಂಬತ್ತು ಲೀಟರಿನದು. ಆರು ಮೀನಿಗೆ ಸಾಕು. ಇವರ ಅಣ್ಣಂದಿರಾದ ದೊಡ್ಡ ಸನ್‌ಫಿಷ್‌ಗಳಿಗಾದರೆ ಇನ್ನೂರು ಮುನ್ನೂರು ಲೀಟರ್ ಬೇಕು. ಬಾಸ್‌ಗೆ ಗಾಜಿನ ತೊಟ್ಟಿ ಹೇಳಿಸಿದ್ದೇ ಅಲ್ಲ, ಕೊಳವೇ ಬೇಕು. ತೊಟ್ಟಿಗೆ ಅವರು ಹಾಕಿದ್ದು ನಲ್ಲಿಯ ನೀರಲ್ಲ, ಮಳೆಯ ನೀರು. ಅದರಲ್ಲಿ ಸುಣ್ಣವಿಲ್ಲ. ಒಣಗಿದ ಓಕ್ ಎಲೆಗಳನ್ನು ಬೇಯಿಸಿ ತಳಕ್ಕೆ ಹರಡಿದ್ದರು. ವಾರ ಕಳೆಯುವುದರಲ್ಲಿ ನೀರು ಚಹಾ ಬಣ್ಣಕ್ಕೆ ತಿರುಗಿತ್ತು. ನೀರಿನ ಗಿಡಗಳನ್ನು ದಟ್ಟವಾಗಿ ನೆಟ್ಟಿದ್ದರು. ಸೋಸುವುದಕ್ಕೆ ಒಂದು ಸ್ಪಂಜಿನ ಫಿಲ್ಟರ್, ಅದಕ್ಕೊಂದು ಪುಟ್ಟ ಗಾಳಿ ಪಂಪು. ನೀರು ರಭಸವಾಗಿ ಹರಿಯಕೂಡದು, ಈ ಮೀನು ನಿಂತ ನೀರಿನದು.

ನೀರು ಬದಲಾಯಿಸುವಾಗಲೂ ಅವಸರವಿಲ್ಲ. ಒಂದು ಸಲಕ್ಕೆ ಒಂದೆರಡು ತಂಬಿಗೆ. ಕಪ್ಪುಪಟ್ಟೆಗೆ ನೀರಿನ ಗುಣ ದಿಢೀರನೆ ಬದಲಾದರೆ ತಡೆಯದು. ಊಟದ ವಿಷಯದಲ್ಲೂ ಹಟಮಾರಿ. ಅಂಗಡಿಯ ಒಣ ಕಾಳು ಮೂಸಿಯೂ ನೋಡುವುದಿಲ್ಲ. ಕಣ್ಣೆದುರು ಅಲ್ಲಾಡಿದ್ದೇ ಆಹಾರ. ಸೊಳ್ಳೆಯ ಮರಿ, ನೀರಿನ ಹುಳು, ಡ್ಯಾಫ್ನಿಯ ಎಂಬ ನೀರುಚಿಗಟ. ಹಾಗಾಗಿ ಮೀನಿಗೆ ಮುಂಚೆ ಮೀನಿನ ಊಟವನ್ನು ಸಾಕಬೇಕು. ಷೆಡ್ಡಿನ ಹಿಂದೆ ಎರಡು ಬಕೆಟ್ಟಿನಲ್ಲಿ ಆ ಸಾಕಣೆಯೂ ನಡೆದಿತ್ತು.

ನೀರಾಯಿತು, ಎಲೆಯಾಯಿತು, ಊಟವಾಯಿತು. ಹಳ್ಳ ಪೂರ್ತಿ ಬಂತೇ? ಇಲ್ಲ. ಮುಖ್ಯವಾದ ಒಂದು ಇನ್ನೂ ಬಾಕಿಯಿದೆ. ಅದೇ ಫೆಬ್ರವರಿಯಲ್ಲಿ ನನಗೆ ಸಿಕ್ಕ ಉತ್ತರ. "ಅವಕ್ಕೀಗ ಚಳಿಗಾಲ."

ನಾವು ಅಕ್ವೇರಿಯಂ ಎಂದಾಗ ನೆನೆಯುವುದು ಬೆಚ್ಚನೆಯ ನಾಡಿನ ಮೀನುಗಳನ್ನು. ಅವಕ್ಕೆ ಚಳಿ ದೇಶಗಳಲ್ಲಿ ಹೀಟರ್ ಹಾಕುತ್ತಾರೆ. ಸನ್‌ಫಿಷ್‌ಗೆ ಹೀಟರ್ ಹಾಕಿದಿರೋ, ಅದು ಸಾಯುವುದಿಲ್ಲ, ಆದರೆ ಸಂಸಾರ ಹೂಡುವುದಿಲ್ಲ. ಎಷ್ಟೋ ಜನ ಸಾಕಿ ಸೋತದ್ದು ಇಲ್ಲೇ. ಒಳ್ಳೆಯ ಊಟ, ಒಳ್ಳೆಯ ನೀರು, ವರ್ಷವಿಡೀ ಒಂದೇ ಹದದ ಬೆಚ್ಚಗೆ. ಮೀನಿಗೆ ಕಾಲವೇ ತಿಳಿಯದು. ಯುಗಾದಿ ಬಂದದ್ದು ಗೊತ್ತಾಗಬೇಕಾದರೆ ಮಾಗಿ ಬಂದು ಹೋಗಿರಬೇಕಷ್ಟೆ.

ಮುದುಕರ ಷೆಡ್ಡಿಗೆ ಬಿಸಿ ಏರ್ಪಾಟು ಇರಲಿಲ್ಲ. ಮೂರು ತಿಂಗಳು ತೊಟ್ಟಿಯ ನೀರು ಐದರಿಂದ ಹತ್ತು ಡಿಗ್ರಿ. ನಮ್ಮ ಫ್ರಿಜ್ಜಿನೊಳಗಿನ ತಂಪು ಎಂದಿಟ್ಟುಕೊಳ್ಳಿ. ಮೀನು ಅಲ್ಲಾಡುವುದೇ ಕಡಿಮೆ. ತಿನ್ನುವುದು ವಾರಕ್ಕೆ ಒಂದೆರಡು ಸಲ. ದೀಪವನ್ನೂ ಅವರು ಹೊರಗಿನ ಹಗಲಿನಷ್ಟೇ ಹೊತ್ತು ಉರಿಸುತ್ತಿದ್ದರು. ಏಪ್ರಿಲ್ ಬಂತು. ಹಗಲು ಉದ್ದವಾಯಿತು. ನೀರು ಹದಿನೈದಕ್ಕೆ ಏರಿತು, ಮೇ ಹೊತ್ತಿಗೆ ಇಪ್ಪತ್ತು ಮುಟ್ಟಿತು. ಮಂಕಾಗಿ ನಿಂತಿದ್ದ ಮೀನುಗಳ ಪಟ್ಟೆ ಇದ್ದಿಲಿನಂತೆ ಕಪ್ಪಾಯಿತು. ಎಲ್ಲಕ್ಕಿಂತ ದೊಡ್ಡ ಗಂಡೊಂದು ಗಿಡಗಳ ಮೂಲೆಯನ್ನು ಹಿಡಿದು ಇತರರನ್ನು ಅಟ್ಟತೊಡಗಿತು.

ನೀರು ತಂದರು, ಕಾಲವನ್ನೂ ತಂದರು. ಹಳ್ಳ ಪೂರ್ತಿಯಾದ ಕೂಡಲೇ ಮೀನು ತನ್ನ ಕೆಲಸಕ್ಕೆ ಇಳಿಯಿತು. ಆ ಕೆಲಸ ಗೂಡು ಕಟ್ಟುವುದು.

ಕೇಳುಗರೇ, ದೊಡ್ಡಪ್ಪ ಹೇಳಿದ "ಮೀನು ತಂದೆ" ಎಂಬ ಮಾತಿಗೆ ಇಲ್ಲಿ ಎರಡನೆಯ ಅರ್ಥವೊಂದು ಸಿಗುತ್ತದೆ. ಈ ಮನೆತನದಲ್ಲಿ ಗೂಡು ಮಾಡುವುದೂ ತಂದೆ, ಕಾಯುವುದೂ ತಂದೆ. ದೊಡ್ಡ ಸನ್‌ಫಿಷ್ ಆದರೆ ಆಳವಿಲ್ಲದ ನೀರಿನ ತಳದಲ್ಲಿ ನಿಂತು, ಬಾಲದಿಂದ ಬೀಸಿ ಬೀಸಿ ಗುಡಿಸುತ್ತದೆ. ಕೆಸರು ಹಾರಿ, ಊಟದ ತಟ್ಟೆಯಷ್ಟು ಅಗಲದ ಒಂದು ತಗ್ಗು ಉಳಿಯುತ್ತದೆ. ತಳದಲ್ಲಿ ತೊಳೆದ ಹರಳು. ಬ್ಲೂಗಿಲ್‌ಗಳು ಇಂಥ ಗೂಡುಗಳನ್ನು ಒತ್ತಾಗಿ ಹತ್ತಾರು, ಕೆಲವೊಮ್ಮೆ ನೂರಾರು ಮಾಡುತ್ತವೆ. ಕಪ್ಪುಪಟ್ಟೆ ಚಿಕ್ಕದಲ್ಲವೇ, ಮರಳಿನಲ್ಲಿ ಒಂದು ಪುಟ್ಟ ಗುಳಿ, ಇಲ್ಲವೇ ಗಿಡಗಳ ನಡುವೆ ಒಂದು ತೆರವು ಮಾಡಿಕೊಂಡರೆ ಅದಕ್ಕೆ ಸಾಕು.

ಹೆಣ್ಣು ಬರುತ್ತದೆ. ಮೊಟ್ಟೆಯಿಡುತ್ತದೆ. ಹೋಗುತ್ತದೆ. ಆಮೇಲೆ ಗಂಡಿನದೇ ಸರದಿ. ಮೊಟ್ಟೆಗಳ ಮೇಲೆ ರೆಕ್ಕೆಯಿಂದ ಗಾಳಿ ಹಾಕುತ್ತದೆ. ನಿಜಕ್ಕೂ ಅದು ನೀರು ಹಾಕುವುದು, ಹೊಸ ನೀರು ಹಾಯದಿದ್ದರೆ ಮೊಟ್ಟೆಗೆ ಉಸಿರಿಲ್ಲ, ಬೂಸಲು ಹಿಡಿಯುತ್ತದೆ. ಗಾಜಿನ ಹತ್ತಿರ ನನ್ನ ಬೆರಳು ಒಯ್ದರೆ ಆ ಬೆರಳುದ್ದದ ಪ್ರಾಣಿ ಗಾಜಿಗೆ ಬಂದು ಗುದ್ದುತ್ತಿತ್ತು. ಹೆಣ್ಣು ಅಲ್ಲೇ ಉಳಿದರೆ ಅದನ್ನೂ ಬಿಡುವುದಿಲ್ಲ. ಅದಕ್ಕೇ ಮುದುಕರು ಹೆಣ್ಣನ್ನು ಪಕ್ಕದ ತೊಟ್ಟಿಗೆ ಸಾಗಿಸಿದರು.

ಬಾನುಲಿಗೆ ತಕ್ಕ ಒಂದು ಸಂಗತಿ ಹೇಳಿಬಿಡುತ್ತೇನೆ. ದೊಡ್ಡ ಸನ್‌ಫಿಷ್‌ಗಳ ಹಲವು ಜಾತಿಯಲ್ಲಿ ಗಂಡು ಹೆಣ್ಣನ್ನು ಕರೆಯುವಾಗ ಸದ್ದು ಮಾಡುತ್ತದೆ. ಗುರ್, ಗುರ್ ಎಂಬ ಸಣ್ಣ ಗೊಣಗು. ನೀರೊಳಗೆ ಮೈಕು ಇಳಿಸಿ ವಿಜ್ಞಾನಿಗಳು ಅದನ್ನು ದಾಖಲು ಮಾಡಿದ್ದಾರೆ. ಮೀನು ಮೂಕ ಎನ್ನುವ ನಮ್ಮ ನಂಬಿಕೆ ನಮ್ಮ ಕಿವಿಯ ಮಿತಿ.

ಹಾಗೆಂದು ಎಲ್ಲ ಗಂಡುಗಳೂ ಸಂಭಾವಿತರೆಂದು ತಿಳಿಯಬೇಡಿ. ಕೆನಡದ ಒಪಿನಿಕನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ಎಂಬ ವಿಜ್ಞಾನಿ ಬ್ಲೂಗಿಲ್‌ಗಳನ್ನು ವರ್ಷಗಟ್ಟಲೆ ನೋಡಿದರು. ಗೂಡು ಕಟ್ಟುವ ಗಂಡು ಪ್ರಾಯಕ್ಕೆ ಬರಲು ಏಳು ವರ್ಷ. ಇನ್ನೊಂದು ಬಗೆಯ ಗಂಡುಗಳಿವೆ, ಎರಡೇ ವರ್ಷಕ್ಕೆ ಪ್ರಾಯ. ಅವು ಗೂಡು ಕಟ್ಟುವುದಿಲ್ಲ. ಜೊಂಡಿನ ಮರೆಯಲ್ಲಿ ಕಾದಿದ್ದು, ಮೊಟ್ಟೆ ಬೀಳುವ ಗಳಿಗೆಗೆ ನುಗ್ಗಿ ತಮ್ಮ ಬೀಜ ಸೇರಿಸಿ ಓಡುತ್ತವೆ. ಇನ್ನಷ್ಟು ಬೆಳೆದ ಮೇಲೆ ಹೆಣ್ಣಿನ ಬಣ್ಣ, ಹೆಣ್ಣಿನ ನಡೆ ತಾಳಿ ಗೂಡಿಗೇ ಬರುತ್ತವೆ. ಯಜಮಾನನಿಗೆ ಗುರುತು ಸಿಗದು. ನಮ್ಮ ಯಕ್ಷಗಾನದ ಸ್ತ್ರೀವೇಷ ನೆನಪಾಯಿತು ನನಗೆ. ಮರಿಗಳಲ್ಲಿ ಕೆಲವು ಆ ವೇಷಧಾರಿಯವು. ಕಾಯುವವನು ಮಾತ್ರ ಗೂಡು ಕಟ್ಟಿದವನೇ.

ಷೆಡ್ಡಿಗೆ ಬರೋಣ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯಿತು. ಮರಿಗಳೆಂದರೆ ಗಾಜಿನ ಚೂರಿಗೆ ಎರಡು ಕಣ್ಣು. ಮೊದಲ ಕೆಲವು ದಿನ ಹೊಟ್ಟೆಯ ಬುತ್ತಿಯೇ ಸಾಕು. ಬುತ್ತಿ ಮುಗಿದು ಈಜತೊಡಗಿದಾಗ ಇದೆ ಪರೀಕ್ಷೆ. ಬಾಯಿ ಸೂಜಿಯ ಮೊನೆಯಷ್ಟು. ಹಸಿರು ನೀರಿನ ಕಣ್ಣಿಗೆ ಕಾಣದ ಜೀವಿಗಳನ್ನೇ ಉಣಿಸಬೇಕು. ವಾರದ ಮೇಲೆ ಆರ್ಟೀಮಿಯ ಎಂಬ ಉಪ್ಪುನೀರ ಸಿಗಡಿಯ ಆಗತಾನೆ ಒಡೆದ ಮರಿ. ಮುದುಕರು ದಿನಕ್ಕೆ ನಾಲ್ಕು ಸಲ ಉಣಿಸುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಮೊಮ್ಮಗುವಿನ ಊಟ ನಡೆದಿರುತ್ತಿತ್ತು. ನೂರಾರು ಮರಿಗಳಲ್ಲಿ ಜುಲೈಗೆ ಉಳಿದದ್ದು ಸುಮಾರು ಮೂವತ್ತು.

ಇಷ್ಟು ಸಾಕಣೆಯ ಕಥೆ. ನೀರು, ಚಳಿ, ತಂದೆ, ಮರಿ. ಈಗ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಮೀನನ್ನು ತನ್ನದಲ್ಲದ ನೀರಿಗೆ ಬಿಟ್ಟರೆ ಏನಾಗುತ್ತದೆ?

ಮೊದಲ ಸಂಗತಿ, ಬೆರಕೆ. ಸನ್‌ಫಿಷ್ ಮನೆತನದಲ್ಲಿ ಜಾತಿ ಬೇರೆಯಾದರೂ ಕೂಡುತ್ತವೆ, ಮರಿಯೂ ಆಗುತ್ತವೆ. ಹಸಿರು ಸನ್‌ಫಿಷ್‌ಗೂ ಬ್ಲೂಗಿಲ್‌ಗೂ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಗಂಡೇ. ಅದಕ್ಕೇ ಸಾಕಣೆಯವರು ತೊಟ್ಟಿಗೊಂದೇ ಜಾತಿ ಇಡುತ್ತಾರೆ. ಎಲ್ಲಿಂದ ತಂದದ್ದು ಎಂದು ಹೊಳೆಯ ಹೆಸರನ್ನೂ ತೊಟ್ಟಿಯ ಮೇಲೆ ಬರೆದಿಡುತ್ತಾರೆ. ನಮ್ಮ ಮುದುಕರ ತೊಟ್ಟಿಯ ಮೇಲೂ ಅಂಥ ಚೀಟಿಯಿತ್ತು. ಮೀನಿಗೂ ಊರಿನ ವಿಳಾಸ.

ಹೊಳೆಯಲ್ಲಿ ಈ ಬೆರಕೆಯಾದರೆ ನಷ್ಟ ದೊಡ್ಡದು. ಟೆಕ್ಸಾಸ್‌ನಲ್ಲಿ ಗ್ವಾಡಲೂಪ್ ಬಾಸ್ ಎಂಬ ಮೀನಿದೆ. ಅಲ್ಲಿನ ಗುಡ್ಡಸೀಮೆಯ ತಿಳಿನೀರ ಹೊಳೆಗಳು ಬಿಟ್ಟರೆ ಬೇರೆಲ್ಲೂ ಇಲ್ಲ. 1989ರಲ್ಲಿ ಅದನ್ನು ರಾಜ್ಯದ ಮೀನೆಂದು ಸಾರಿದರು. ಆದರೆ ಅದಕ್ಕೂ ಮುಂಚೆಯೇ, ಗಾಳದವರ ಖುಷಿಗೆಂದು ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ದಾಯಾದಿಯನ್ನು ಅದೇ ಹೊಳೆಗಳಿಗೆ ತಂದು ಬಿಟ್ಟಿದ್ದರು. ಎರಡೂ ಕೂಡಿದವು. ಕೆಲವು ಹೊಳೆಗಳಲ್ಲಿ ಶುದ್ಧ ಗ್ವಾಡಲೂಪ್ ಹುಡುಕುವುದೇ ಕಷ್ಟವಾಯಿತು. ಬಿಟ್ಟ ತಪ್ಪನ್ನು ತಿದ್ದಲು ಈಗ ಅಲ್ಲಿನ ಇಲಾಖೆಯೇ ಶುದ್ಧ ಮರಿಗಳನ್ನು ಮೊಟ್ಟೆಕೇಂದ್ರಗಳಲ್ಲಿ ಬೆಳೆಸಿ, ಲಕ್ಷಗಟ್ಟಲೆ ಹೊಳೆಗೆ ಬಿಡುತ್ತಿದೆ. ಕೆಡಿಸುವುದು ಸುಲಭವಾಯಿತು. ತಿದ್ದಲು ವರ್ಷಗಳು ಹಿಡಿದಿವೆ.

ಎರಡನೆಯ ಸಂಗತಿ ಕಡಲಾಚೆಯದು. 1960ರಲ್ಲಿ ಜಪಾನಿನ ಯುವರಾಜ ಅಕಿಹಿತೊ ಅಮೆರಿಕಕ್ಕೆ ಹೋಗಿದ್ದರು. ಷಿಕಾಗೊ ನಗರದ ಮೇಯರ್ ಒಂದಿಷ್ಟು ಬ್ಲೂಗಿಲ್‌ಗಳನ್ನು ಉಡುಗೊರೆ ಕೊಟ್ಟರು. ಅಕಿಹಿತೊ ಸ್ವತಃ ಮೀನಿನ ವಿಜ್ಞಾನಿ. ಊಟದ ಮೀನಾದೀತು ಎಂದು ಸರ್ಕಾರದ ಸಂಶೋಧನೆಗೆ ಒಪ್ಪಿಸಿದರು. ಅಲ್ಲಿಂದ ಅವು ಕೆರೆ ಸೇರಿದವು, ಸರೋವರ ಸೇರಿದವು. ಜಪಾನಿನ ಅತಿ ದೊಡ್ಡ ಸರೋವರ ಬಿವಾದಲ್ಲಿ ಅಲ್ಲಿನದೇ ಮೀನುಗಳ ಮೊಟ್ಟೆ, ಮರಿ ತಿಂದು ಹಬ್ಬಿದವು. 2007ರಲ್ಲಿ, ಆಗ ಚಕ್ರವರ್ತಿಯಾಗಿದ್ದ ಅಕಿಹಿತೊ, ತಾನು ತಂದ ಮೀನಿನಿಂದ ಹೀಗಾಯಿತೆಂದು ಮನಸ್ಸು ನೋಯುತ್ತದೆ ಎಂದು ಬಹಿರಂಗವಾಗಿ ಹೇಳಿದರು. ಅಷ್ಟೂ ಮೀನು ಆ ಉಡುಗೊರೆಯ ಸಂತಾನ ಎಂಬುದನ್ನು ವಂಶವಾಹಿಗಳ ಪರೀಕ್ಷೆ ತೋರಿಸಿತು.

ಬ್ಲೂಗಿಲ್ ಕೆಟ್ಟ ಮೀನೇ? ಅದರ ತವರಿನಲ್ಲಿ ಅದು ಮಕ್ಕಳು ಮೊದಲ ಗಾಳಕ್ಕೆ ಹಿಡಿಯುವ ಮುದ್ದಿನ ಮೀನು. ಅದರ ತಪ್ಪೇನೂ ಇಲ್ಲ. ನೀರು ಅದರದಲ್ಲ.

ನೀರು ಬದಲಾದರೆ ಮೀನು ಹೋಗುತ್ತದೆ. ಮೀನು ಬೇರೆ ನೀರಿಗೆ ಹೋದರೆ ಅಲ್ಲಿನದು ಹೋಗುತ್ತದೆ. ಎರಡನ್ನೂ ನೋಡಿದೆವು. ಕೊನೆಯದಾಗಿ, ನೀರೇ ಮುಳುಗಿಹೋದ ಒಂದು ಮೀನಿನ ಕಥೆ.

ಅಲಬಾಮ ರಾಜ್ಯದಲ್ಲಿ ನೆಲದಡಿಯಿಂದ ತಣ್ಣಗೆ ಚಿಮ್ಮುವ ಬುಗ್ಗೆಗಳಿವೆ. ಅಲ್ಲಿ ಒಂದು ಕುಳ್ಳ ಸನ್‌ಫಿಷ್. ಹೆಸರಿನಲ್ಲಿ ಸನ್‌ಫಿಷ್, ಮನೆತನ ಮಾತ್ರ ಬೇರೆ. ಉದ್ದ ಒಂದು ಅಂಗುಲ. ಆಯುಸ್ಸು ಒಂದು ವರ್ಷದ ಆಚೀಚೆ. ಗಂಡು ಕಾಡಿಗೆಯ ಕಪ್ಪು, ಮೈಮೇಲೆ ಹೊಳೆವ ನೀಲಿಹಸಿರು ಗೆರೆ. 1937ರಲ್ಲಿ ಅದು ಮೊದಲು ಕಂಡಿತು. ಮರುವರ್ಷವೇ ಅಣೆಕಟ್ಟಿನ ಹಿನ್ನೀರು ಏರಿ ಆ ಬುಗ್ಗೆ ಮುಳುಗಿತು. ಇನ್ನೊಂದು ಬುಗ್ಗೆಯಲ್ಲಿ ಸಿಕ್ಕಿತು, ಅಲ್ಲಿಂದಲೂ ಹೋಯಿತು. ಮುಗಿಯಿತು ಎಂದುಕೊಂಡರು. 1973ರಲ್ಲಿ ಮತ್ತೊಂದು ಬುಗ್ಗೆಯಲ್ಲಿ, ನೀರಿನ ಗಿಡಗಳ ನಡುವೆ ಮತ್ತೆ ಕಂಡಿತು. ಶಾಸ್ತ್ರದ ಹೆಸರು ಸಿಕ್ಕಿದ್ದು 1993ರಲ್ಲಿ. ಕಾನೂನಿನ ರಕ್ಷಣೆ ಸಿಕ್ಕಿದ್ದು 2013ರಲ್ಲಿ. ಹೆಸರಿಡುವ ಮುಂಚೆಯೇ ಎರಡು ಸಲ ಮನೆ ಕಳೆದುಕೊಂಡ ಮೀನು ಅದು.

ಇಂಥವನ್ನು ಗಮನಿಸುವ ಹವ್ಯಾಸಿಗಳ ಒಂದು ಸಂಘ ಅಲ್ಲಿದೆ. ನಾರ್ತ್ ಅಮೆರಿಕನ್ ನೇಟಿವ್ ಫಿಷಸ್ ಅಸೋಸಿಯೇಷನ್ ಎಂದು. 1972ರಿಂದ ನಡೆದಿದೆ. ಬಸ್ ಚಾಲಕರು, ಮೇಷ್ಟ್ರುಗಳು, ವಿಜ್ಞಾನಿಗಳು, ಎಲ್ಲರೂ ಸದಸ್ಯರು. ಯಾವ ತೊರೆಯಲ್ಲಿ ಯಾವ ಮೀನು, ಯಾವಾಗ ಗೂಡು, ಮರಿಗೆ ಏನು ಊಟ, ಬರೆದಿಡುತ್ತಾರೆ. ಬುಗ್ಗೆಯೊಂದು ಬತ್ತಿದ ದಿನ ಆ ಬರಹ ಕೆಲಸಕ್ಕೆ ಬರುತ್ತದೆ.

ಈಗ ನಮ್ಮ ಊರು. ಅಮೆರಿಕದ ಮೀನು ನಮಗೇಕೆ ಎನ್ನಬೇಡಿ. ಅಮೆರಿಕದ ಒಂದು ಮೀನು ನಮ್ಮ ಕೆರೆ ಬಾವಿಗಳಲ್ಲಿ ಆಗಲೇ ಇದೆ. ಸೊಳ್ಳೆಯ ಮರಿ ತಿನ್ನಲೆಂದು ಬಿಟ್ಟ ಗ್ಯಾಂಬೂಸಿಯ. ಇದೂ ಅಮೆರಿಕದ ದಕ್ಷಿಣದ ಜೌಗುಗಳದ್ದೇ. ಇದು ಸೊಳ್ಳೆ ಮರಿಯ ಜೊತೆಗೆ ನಮ್ಮ ಮೀನಿನ ಮರಿ, ಕಪ್ಪೆಯ ಮರಿಯನ್ನೂ ತಿನ್ನುತ್ತದೆ. ಸೊಳ್ಳೆ ಮರಿ ತಿನ್ನುವ ನಮ್ಮದೇ ಪುಟ್ಟ ಮೀನುಗಳು ಮೊದಲೇ ಇದ್ದವು.

ನಮ್ಮಲ್ಲೂ ಕಾಯುವ ತಂದೆ ತಾಯಿ ಮೀನುಗಳಿವೆ. ಕರಾವಳಿಯ ಕರಿಮೀನು ನೋಡಿ. ಅಲ್ಲಿ ಗಂಡು ಹೆಣ್ಣು ಎರಡೂ ಸೇರಿ ಮರಿ ಕಾಯುತ್ತವೆ. ಅದರ ಹತ್ತಿರದ ನೆಂಟ ಕೆನರಾ ಪರ್ಲ್‌ಸ್ಪಾಟ್. 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟದ್ದು. ದಕ್ಷಿಣ ಕನ್ನಡದ ಕಡೆಯ ಹೊಳೆಗಳಿಗೇ ಸೇರಿದ, ಅಳಿವಿನ ಭಯದಲ್ಲಿರುವ ಮೀನು. ನಮ್ಮ ಎಷ್ಟು ಮಕ್ಕಳಿಗೆ ಅದರ ಹೆಸರು ಗೊತ್ತು? ಗೋಲ್ಡ್‌ಫಿಷ್ ಎಲ್ಲರಿಗೂ ಗೊತ್ತು.

ನಿಮ್ಮಲ್ಲಿ ಅಕ್ವೇರಿಯಂ ಇಟ್ಟವರಿದ್ದರೆ ನನ್ನದೊಂದೇ ಬಿನ್ನಹ. ಸಾಕಿ ಬೇಸರವಾದ ಮೀನನ್ನು ಪುಣ್ಯ ಬಂದೀತೆಂದು ಕೆರೆಗೆ ಬಿಡಬೇಡಿ. ಬೇಕೆನ್ನುವ ಇನ್ನೊಬ್ಬರಿಗೆ ಕೊಡಿ.

ಊರಿಗೆ ಬಂದ ಮೇಲೆ ಮೊಮ್ಮಗುವಿನ ಹರಕೆಗೆಂದು ಶಿಶಿಲಕ್ಕೆ ಹೋಗಿದ್ದೆವು. ಬೆಳ್ತಂಗಡಿ ತಾಲೂಕಿನ ಶಿಶಿಲೇಶ್ವರನ ಸನ್ನಿಧಿ. ಎದುರಿಗೆ ಕಪಿಲಾ ಹೊಳೆ. ಮೊಳಕೈ ಉದ್ದದ ಮೀನುಗಳು ಮೆಟ್ಟಿಲ ತನಕ ಬರುತ್ತವೆ. ಶೃಂಗೇರಿಯ ತುಂಗೆಯಲ್ಲೂ ಹೀಗೇ. ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಅಲ್ಲಿ ಗಾಜಿಲ್ಲ, ಪಂಪಿಲ್ಲ. ಹೊಳೆಯ ಮೀನನ್ನು ಹೊಳೆಯಲ್ಲೇ ಸಾಕಿದ್ದಾರೆ.

ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕುವಾಗ ದೊಡ್ಡಪ್ಪ ನೆನಪಾದರು. ಅವರಿಗೀಗ ಉತ್ತರ ಹೇಳಬಹುದಿತ್ತು. ಹಳ್ಳ ತರುವುದು ಎಷ್ಟು ಕಷ್ಟ ಎಂದು ಷೆಡ್ಡಿನಲ್ಲಿ ಆರು ತಿಂಗಳು ನೋಡಿ ಬಂದಿದ್ದೇನೆ, ದೊಡ್ಡಪ್ಪ. ಮಳೆನೀರು ಹಿಡಿಯಬೇಕು, ಎಲೆ ಬೇಯಿಸಬೇಕು, ಚಳಿಗಾಲವನ್ನೂ ಹೊತ್ತು ತರಬೇಕು. ಆರು ಮೀನಿಗೆ ಅಷ್ಟು ಪಾಡು. ಇದ್ದ ಹಳ್ಳವನ್ನು ಇದ್ದ ಹಾಗೆ ಬಿಡುವುದು ಅದಕ್ಕಿಂತ ಸುಲಭ.